ಗಾಡಿ ನಿಂತಿರುವಾಗ ಮಾಡುವ ಕೆಲಸಗಳು

ಹಬ್ಬ ಮುಗಿಸಿ ಊರಿನಿಂದ ಬೆಂಗಳೂರಿಗೆ ಹೊರಡುವ ಕಾರು ಡಿಕ್ಕಿ ತೆರೆದುಕೊಂಡು ಅಂಗಳದಲ್ಲಿ ನಿಂತಿರುತ್ತದೆ. ಮೊದಲು ಅಕ್ಕಿ ಮೂಟೆ ಬರುತ್ತದೆ. ಆಮೇಲೆ ಸುಲಿದ ತೆಂಗಿನಕಾಯಿಯ ಚೀಲ, ಬಾಳೆಗೊನೆ, ಉಪ್ಪಿನಕಾಯಿ ಭರಣಿ, ಕಾಲವಾಗಿದ್ದರೆ ಎರಡು ಹಲಸಿನ ಹಣ್ಣು. ಡಿಕ್ಕಿ ತುಂಬಿ ಬಾಗಿಲು ಹಾಕಲಾಗದೆ ಹೋದಾಗ ಉಳಿದದ್ದು ಹಿಂದಿನ ಸೀಟಿನ ಕಾಲಬುಡಕ್ಕೆ ಇಳಿಯುತ್ತದೆ, ಇಲ್ಲವೇ ಹಿಂದಿನ ಗಾಜಿನ ಕೆಳಗಿನ ಹಲಗೆಗೆ ಏರುತ್ತದೆ. "ಇನ್ನೊಂದು ಚೀಲ ಹಿಡಿಯುತ್ತೆ ನೋಡು ಮಗಾ" ಎಂದು ಅಜ್ಜಿ ಹೇಳಿದರೆ ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಬೇಡವೆನ್ನಲೂಬಾರದು. ಆ ಚೀಲವನ್ನು ಎಲ್ಲಿ ಇಟ್ಟೆವು, ಹೇಗೆ ಇಟ್ಟೆವು ಎಂಬುದನ್ನು ಮಾತ್ರ ಒಂದು ಕ್ಷಣ ನಿಂತು ಯೋಚಿಸಬೇಕು.

ಡ್ರೈವಿಂಗ್ ಶಾಲೆಯಲ್ಲಿ ಕ್ಲಚ್ಚು, ಗೇರು, ಎಂಟರ ಆಕಾರ, ರಿವರ್ಸು ಎಲ್ಲ ಕಲಿಸುತ್ತಾರೆ. ಡಿಕ್ಕಿ ತುಂಬುವುದನ್ನು ಕಲಿಸುವುದಿಲ್ಲ. ಇಳಿಜಾರಿನಲ್ಲಿ ಗಾಡಿ ಬಿಟ್ಟು ಇಳಿಯುವಾಗ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವವರು ಅಪರೂಪ. ಹೆಡ್‌ರೆಸ್ಟ್ ಎಷ್ಟು ಎತ್ತರದಲ್ಲಿರಬೇಕು ಎಂದು ಲೈಸೆನ್ಸ್ ಕೊಡುವವರು ಕೇಳುವುದಿಲ್ಲ. ಇದೆಲ್ಲ ಕಾರಿನ ಜೊತೆ ಬರುವ ದಪ್ಪ ಕೈಪಿಡಿಯಲ್ಲಿದೆ, ಆದರೆ ಅದು ಗ್ಲೋವ್ ಬಾಕ್ಸಿನಲ್ಲಿ ಕವರ್ ಬಿಚ್ಚದೆ ವರ್ಷಗಟ್ಟಲೆ ಕೂತಿರುತ್ತದೆ. ಓಡುವ ಗಾಡಿಯಲ್ಲಿ ಆಗುವ ಎಷ್ಟೋ ಅನಾಹುತಗಳಿಗೆ ಕಾರಣ ಗಾಡಿ ನಿಂತಿದ್ದಾಗ ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸ. ಇಂಥ ಕೆಲಸಗಳಿಗೆ ಹೆಚ್ಚೆಂದರೆ ಐದು ನಿಮಿಷ ಬೇಕು. ಅದಕ್ಕೆ ಚಾಲನೆಯ ಕೌಶಲವೂ ಬೇಡ, ದುಡ್ಡೂ ಬೇಡ.

ಕಾರು ಎಷ್ಟು ತೂಕ ಹೊರಬಲ್ಲದು ಎಂಬುದರಿಂದ ಶುರು ಮಾಡೋಣ. ಖಾಲಿ ಕಾರಿನ ತೂಕ ಆರ್.ಸಿ.ಯಲ್ಲೇ ಇರುತ್ತದೆ. ತುಂಬಿದಾಗ ಒಟ್ಟು ಎಷ್ಟು ತೂಗಬಹುದು ಎಂಬುದು ಕೈಪಿಡಿಯಲ್ಲಿರುತ್ತದೆ. ಎರಡರ ನಡುವಿನ ವ್ಯತ್ಯಾಸವೇ ಜನ ಮತ್ತು ಸಾಮಾನು ಸೇರಿ ಹೇರಬಹುದಾದ ಭಾರ. ಸಾಮಾನ್ಯ ಸಣ್ಣ ಕಾರುಗಳಲ್ಲಿ ಇದು 400 ಕೆ.ಜಿ. ಆಸುಪಾಸು. ಐದು ಜನ ದೊಡ್ಡವರು ಕೂತರೆ ಅದರಲ್ಲಿ 325–350 ಕೆ.ಜಿ. ಅಲ್ಲಿಗೇ ಮುಗಿಯಿತು. ಉಳಿದದ್ದು ಎರಡು ಮೂಟೆ ಅಕ್ಕಿಗೂ ಒಂದು ಬ್ಯಾಗಿಗೂ ಸಾಲುತ್ತದೆ. ಸಿ.ಎನ್.ಜಿ. ಕಾರಾದರೆ ಡಿಕ್ಕಿಯ ಬಹುಪಾಲನ್ನು ಸಿಲಿಂಡರೇ ಆಕ್ರಮಿಸಿರುತ್ತದೆ. ಅದರ ಮೇಲೆ ಮತ್ತು ಅದರ ವಾಲ್ವಿನ ಪಕ್ಕಕ್ಕೆ ಭಾರದ ಸಾಮಾನು ಒತ್ತರಿಸಿ ಇಡಬಾರದು. ಆ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಮಾಡಿಸಬೇಕೆಂಬ ನಿಯಮವೂ ಇದೆ.

ಭಾರ ಹೆಚ್ಚಿದಾಗ ಟೈರಿನ ಗಾಳಿಯೂ ಹೆಚ್ಚಬೇಕು. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ, ಒಂದು ಚೀಟಿ ಅಂಟಿಸಿರುತ್ತಾರೆ. ಬಹಳಷ್ಟು ಚೀಟಿಗಳಲ್ಲಿ ಎರಡು ಲೆಕ್ಕ ಇರುತ್ತದೆ: ಒಬ್ಬಿಬ್ಬರು ಕೂತಾಗ ಒಂದು, ಪೂರ್ತಿ ತುಂಬಿದಾಗ ಇನ್ನೊಂದು. ನಾವು ಪಂಕ್ಚರ್ ಅಂಗಡಿಯಲ್ಲಿ ನಿಂತು ವರ್ಷವಿಡೀ ಒಂದೇ ಅಂಕಿ ಹೇಳುತ್ತೇವೆ. ಗಾಳಿ ಕಡಿಮೆಯಿರುವ ಟೈರು ಭಾರ ಹೊತ್ತು ಓಡುವಾಗ ಅದರ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಬಿಸಿಯಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಲಬುರಗಿ, ರಾಯಚೂರು ಕಡೆಯ ರಸ್ತೆಯಲ್ಲಿ ಓಡುವಾಗ ಈ ಬಿಸಿಯೇ ಟೈರು ಸಿಡಿಯಲು ದಾರಿ. ಗಾಳಿ ನೋಡಬೇಕಾದದ್ದು ಹೊರಡುವ ಮೊದಲು, ಟೈರು ತಣ್ಣಗಿರುವಾಗ.

ಇನ್ನು ಇಡುವ ಕ್ರಮ. ಭಾರವಾದದ್ದು ಡಿಕ್ಕಿಯ ತಳಕ್ಕೆ, ಹಿಂದಿನ ಸೀಟಿನ ಬೆನ್ನಿಗೆ ತಾಗಿಸಿ. ಹಗುರವಾದದ್ದು ಅದರ ಮೇಲೆ. ಹಿಂದಿನ ಸೀಟಿನ ಬೆನ್ನಿನ ಎತ್ತರ ಮೀರಿ ಏನೂ ಬೇಡ. ನಡುವೆ ಖಾಲಿ ಜಾಗ ಬಿಟ್ಟರೆ ಮೂಟೆ ಮೊದಲು ಜಾರಿ ವೇಗ ಪಡೆದು ಆಮೇಲೆ ಸೀಟಿಗೆ ಗುದ್ದುತ್ತದೆ. ತಾಗಿಸಿ ಇಟ್ಟರೆ ಮೊದಲ ಕ್ಷಣದಿಂದಲೇ ಸೀಟು ಅದನ್ನು ತಡೆದು ಹಿಡಿಯುತ್ತದೆ. ಸೀಟಿನ ಬೆನ್ನಿಗೂ ಒಂದು ಮಿತಿ ಇದೆ. ಸೀಟುಗಳ ಬಲದ ಬಗ್ಗೆ ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 17ನೇ ನಿಯಮದಲ್ಲಿ, ಡಿಕ್ಕಿಯಲ್ಲಿ ತಲಾ 18 ಕೆ.ಜಿ.ಯ ಎರಡು ಪೆಟ್ಟಿಗೆ ಇಟ್ಟು ಡಿಕ್ಕಿ ಹೊಡೆಸಿ ನೋಡುವ ಪರೀಕ್ಷೆ ಇದೆ. ನಮ್ಮ ಅಕ್ಕಿಯ ಒಂದು ಮೂಟೆಯೇ 25 ಕೆ.ಜಿ. ಹಿಂದೆ ಯಾರೂ ಕೂರದಿದ್ದರೂ ಆ ಸೀಟಿನ ಬೆಲ್ಟುಗಳನ್ನು ಎಳೆದು ಬಕಲಿಗೆ ಹಾಕಿಡಿ, ಸೀಟಿನ ಬೆನ್ನಿಗೆ ಅಷ್ಟು ಆಸರೆ ಹೆಚ್ಚುತ್ತದೆ. ಡಿಕ್ಕಿಯ ನಾಲ್ಕು ಮೂಲೆಗಳಲ್ಲಿ ಕೊಂಡಿಗಳಿದ್ದರೆ ಅವು ಇರುವುದು ಹಗ್ಗ ಕಟ್ಟುವುದಕ್ಕೇ.

ಬಿಡಿ ವಸ್ತು ಎಷ್ಟು ಅಪಾಯಕಾರಿ ಎಂಬುದಕ್ಕೆ ಸಣ್ಣ ಲೆಕ್ಕವೊಂದಿದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಕಾರಿನೊಳಗಿನ ನೀರಿನ ಬಾಟಲಿ, ಛತ್ರಿ, ತೆಂಗಿನಕಾಯಿ, ಟಿಫಿನ್ ಡಬ್ಬಿ ಎಲ್ಲವೂ ಅದೇ ವೇಗದಲ್ಲಿವೆ. ಕಾರು ಗೋಡೆಗೋ ಲಾರಿಗೋ ಬಡಿದು ನಿಂತಾಗ ಅವು ನಿಲ್ಲುವುದಿಲ್ಲ. ಆ ವೇಗದಲ್ಲಿ ಬಡಿಯುವುದು ಸುಮಾರು 10 ಮೀಟರ್ ಎತ್ತರದಿಂದ, ಎಂದರೆ ಮೂರನೇ ಮಹಡಿಯಿಂದ ಬಿದ್ದಂತೆ. 80ರ ವೇಗಕ್ಕೆ ಆ ಎತ್ತರ 25 ಮೀಟರ್ ಆಗುತ್ತದೆ, 100ಕ್ಕೆ ಹತ್ತಿರ ಹತ್ತಿರ 40. ವೇಗ ದುಪ್ಪಟ್ಟಾದರೆ ಪೆಟ್ಟು ನಾಲ್ಕು ಪಟ್ಟು ಎಂದು ಶಾಲೆಯಲ್ಲಿ ಓದಿದ್ದು ಇಲ್ಲಿ ತಲೆಯ ಹಿಂಭಾಗಕ್ಕೆ ಬಂದು ಬಡಿಯುತ್ತದೆ. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಕುಳಿತ ತೆಂಗಿನಕಾಯಿ ಸರಿಯಾಗಿ ಮಕ್ಕಳ ತಲೆಯ ಎತ್ತರದಲ್ಲಿರುತ್ತದೆ.

ಅಪಘಾತವೇ ಆಗಬೇಕೆಂದಿಲ್ಲ. ಅಡ್ಡ ಬಂದ ದನವನ್ನು ತಪ್ಪಿಸಲು ಜೋರಾಗಿ ಬ್ರೇಕ್ ಒತ್ತಿದರೂ ಸಾಕು, ಸೀಟಿನ ಕೆಳಗಿದ್ದ ಬಾಟಲಿ ಉರುಳಿಕೊಂಡು ಚಾಲಕನ ಕಾಲಬುಡಕ್ಕೆ ಬರುತ್ತದೆ. ಬ್ರೇಕ್ ಪೆಡಲಿನ ಕೆಳಗೆ ಅದು ಸಿಕ್ಕಿಕೊಂಡರೆ ಪೆಡಲು ಕೆಳಗಿಳಿಯುವುದಿಲ್ಲ. ಕಾರಿನಲ್ಲಿ ಬಾಟಲಿಗೆಂದು ಬಾಗಿಲಿನಲ್ಲಿ ಗೂಡುಗಳಿವೆ. ಬಾಟಲಿ ಅಲ್ಲಿಯೇ ಇರಲಿ. ಮಳೆಗಾಲದಲ್ಲಿ ಕಂಪನಿಯ ಮ್ಯಾಟಿನ ಮೇಲೆ ಇನ್ನೊಂದು ರಬ್ಬರ್ ಮ್ಯಾಟು ಹಾಸುವ ರೂಢಿ ಹಲವರಿಗಿದೆ. ಅದು ಜಾರಿ ಮುಂದೆ ಹೋಗಿ ಆಕ್ಸಿಲರೇಟರನ್ನು ಒತ್ತಿ ಹಿಡಿಯಬಲ್ಲದು. ಚಾಲಕನ ಜಾಗದಲ್ಲಿ ಒಂದೇ ಮ್ಯಾಟು ಇರಬೇಕು, ಅದನ್ನು ನೆಲದ ಕೊಕ್ಕೆಗೆ ಸಿಕ್ಕಿಸಿರಬೇಕು.

ಕಾರಿನ ಮೇಲಿನ ಕ್ಯಾರಿಯರ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಬಹುತೇಕ ಕಾರುಗಳ ಚಾವಣಿ ಹೊರಬಲ್ಲದ್ದು 50ರಿಂದ 75 ಕೆ.ಜಿ., ಅದೂ ಕ್ಯಾರಿಯರಿನ ತೂಕವನ್ನೂ ಸೇರಿಸಿ. ಭಾರ ಮೇಲೇರಿದಷ್ಟೂ ತಿರುವಿನಲ್ಲಿ ಗಾಡಿ ಹೊರಕ್ಕೆ ವಾಲುತ್ತದೆ. ಚಾರ್ಮಾಡಿಯಂಥ ಘಾಟಿಯ ತಿರುವುಗಳಲ್ಲಿ ಈ ವಾಲುವಿಕೆ ಸ್ಟೀರಿಂಗ್ ಹಿಡಿದ ಕೈಗೇ ತಿಳಿಯುತ್ತದೆ. ಕಟ್ಟಲೇಬೇಕಾದರೆ ಹಾಸಿಗೆ, ಚಾಪೆ, ಬಟ್ಟೆಯ ಗಂಟಿನಂಥ ಹಗುರ ಸಾಮಾನು ಮಾತ್ರ ಕಟ್ಟಿ. ಅಡ್ಡಡ್ಡ ಬಿಗಿದ ಹಗ್ಗದ ಜೊತೆಗೆ ಮುಂದಕ್ಕೂ ಹಿಂದಕ್ಕೂ ಒಂದೊಂದು ಎಳೆ ಇರಲಿ. ಹೊಸದಾಗಿ ಕಟ್ಟಿದ ಹಗ್ಗ ಮೊದಲ ಹತ್ತಿಪ್ಪತ್ತು ಕಿಲೋಮೀಟರಿನಲ್ಲೇ ಸಡಿಲವಾಗುತ್ತದೆ. ಎಲ್ಲಾದರೂ ಕಾಫಿಗೆ ನಿಲ್ಲಿಸಿದಾಗ ಮತ್ತೊಮ್ಮೆ ಬಿಗಿಯಬೇಕು.

ತುಂಬಿದ ಕಾರಿಗೆ ಸಂಬಂಧಿಸಿದ ಇನ್ನೊಂದು ಸಣ್ಣ ಉಪಕರಣ ಡ್ಯಾಶ್‌ಬೋರ್ಡಿನಲ್ಲೇ ಇದೆ. ಅದನ್ನು ಹತ್ತು ವರ್ಷ ಓಡಿಸಿದವರೂ ಮುಟ್ಟಿರುವುದಿಲ್ಲ. ಸ್ಟೀರಿಂಗಿನ ಬಲಗಡೆ ಕೆಳಗೆ 0, 1, 2, 3 ಎಂದು ಬರೆದ ಪುಟ್ಟ ಚಕ್ರ. ಡಿಕ್ಕಿಯಲ್ಲಿ ಭಾರ ಹೆಚ್ಚಿದಾಗ ಕಾರಿನ ಹಿಂಭಾಗ ತಗ್ಗಿ ಮೂತಿ ಮೇಲಕ್ಕೇರುತ್ತದೆ. ಹೆಡ್‌ಲೈಟೂ ಮೇಲಕ್ಕೆ ನೋಡುತ್ತದೆ. ಆಗ ಡಿಮ್ ಮಾಡಿ ಓಡಿಸಿದರೂ ಬೆಳಕು ಎದುರಿನವರ ಕಣ್ಣಿಗೇ ಹೊಡೆಯುತ್ತದೆ, ನಮ್ಮ ಕಣ್ಣ ಮುಂದಿನ ರಸ್ತೆ ಮಾತ್ರ ಕತ್ತಲು. ಒಬ್ಬರೇ ಕೂತಿದ್ದರೆ ಚಕ್ರ 0ಯಲ್ಲಿರಲಿ, ಜನ ಮತ್ತು ಸಾಮಾನು ತುಂಬಿದಷ್ಟೂ ಮುಂದಕ್ಕೆ ತಿರುಗಿಸಿ, ಬೆಳಕು ಕೆಳಗಿಳಿಯುತ್ತದೆ. ರಾತ್ರಿ ಪ್ರಯಾಣಕ್ಕೆ ಇಷ್ಟು ಉಪಕಾರಿಯಾದ ಇನ್ನೊಂದು ಚಕ್ರ ಕಾರಿನಲ್ಲಿಲ್ಲ ಎಂದು ನಾನು ನಂಬಿದ್ದೇನೆ. ಎದುರಿನಿಂದ ಬರುವ ಬೈಕ್ ಸವಾರನಿಗೆ ಅದು ನಮಗಿಂತ ಹೆಚ್ಚು ಉಪಕಾರಿ.

ಸಾಮಾನಿಗೆ ಹೇಳಿದ ಲೆಕ್ಕ ಮನುಷ್ಯನಿಗೂ ಅನ್ವಯಿಸುತ್ತದೆ. ಮೂರು ಬಿಂದುಗಳಲ್ಲಿ ಹಿಡಿಯುವ ಸೀಟ್ ಬೆಲ್ಟನ್ನು 1959ರಲ್ಲಿ ವೋಲ್ವೊ ಕಂಪನಿಯ ಇಂಜಿನಿಯರ್ ನೀಲ್ಸ್ ಬೋಲಿನ್ ರೂಪಿಸಿದರು. ಆ ಪೇಟೆಂಟನ್ನು ಕಂಪನಿ ಎಲ್ಲ ತಯಾರಕರಿಗೂ ಬಿಟ್ಟುಕೊಟ್ಟಿತು. ಅರವತ್ತು ವರ್ಷ ದಾಟಿದ ಮೇಲೂ ಹಿಂದಿನ ಸೀಟಿನಲ್ಲಿ ಆ ಬೆಲ್ಟು ನಮ್ಮಲ್ಲಿ ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿರುತ್ತದೆ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಅವರಿದ್ದ ಕಾರು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿ ಸೇತುವೆಗೆ ಬಡಿಯಿತು. ಮುಂದೆ ಕೂತಿದ್ದ ಇಬ್ಬರು ಬದುಕಿದರು, ಹಿಂದೆ ಕೂತಿದ್ದ ಇಬ್ಬರು ಉಳಿಯಲಿಲ್ಲ. ಹಿಂದಿನವರು ಬೆಲ್ಟು ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಕಾರು ಎಷ್ಟು ದುಬಾರಿಯದಾದರೂ ಬೆಲ್ಟಿಲ್ಲದ ದೇಹವನ್ನು ಅದು ಹಿಡಿದು ನಿಲ್ಲಿಸಲಾರದು.

ಕಾನೂನಿನಲ್ಲಿ ಈ ವಿಷಯ ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಬಿ ಕಲಮಿನ ಪ್ರಕಾರ ಬೆಲ್ಟು ಹಾಕದಿದ್ದರೆ 1,000 ರೂಪಾಯಿ ದಂಡ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟಿನಿಂದ ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದಿದ್ದರೂ ಅಷ್ಟೇ ದಂಡ. ದಂಡಕ್ಕಿಂತ ದೊಡ್ಡ ಕಾರಣ ಮುಂದಿನ ಸೀಟಿನಲ್ಲಿದೆ. ಹಿಂದೆ ಬೆಲ್ಟಿಲ್ಲದೆ ಕೂತ 60 ಕೆ.ಜಿ.ಯ ಮಗ, ಮುಂದೆ ಬೆಲ್ಟು ಹಾಕಿ ಕೂತ ತಾಯಿಯ ಬೆನ್ನಿಗೆ ಹಾರಿ ಬರುತ್ತಾನೆ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಪ್ರಯಾಣಿಸುವ ತಾಯಂದಿರಿಗೆ, ತಂದೆಯರಿಗೆ ಒಂದು ಮಾತು ಕಳಕಳಿಯಿಂದ ಹೇಳಬೇಕಾಗಿದೆ. 50ರ ವೇಗದಲ್ಲಿ ಗುದ್ದಿದ ಕಾರು ತನ್ನ ಮೂತಿ 60 ಸೆಂಟಿಮೀಟರ್ ನಜ್ಜುಗುಜ್ಜಾಗುವಷ್ಟರಲ್ಲಿ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಆಗ 10 ಕೆ.ಜಿ.ಯ ಮಗುವನ್ನು ಹಿಡಿದುಕೊಳ್ಳಲು 160 ಕೆ.ಜಿ. ಎತ್ತುವಷ್ಟು ಬಲ ಬೇಕು. ಯಾವ ತೋಳಿಗೂ ಅದು ಸಾಧ್ಯವಿಲ್ಲ. ಮೇಲಾಗಿ ಎದುರಿಗೆ ಏರ್‌ಬ್ಯಾಗ್ ಇದೆ. ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಸಮಯದಲ್ಲಿ ಅದು ಉಬ್ಬಿ ನಿಲ್ಲುತ್ತದೆ. ಬೆಲ್ಟು ಹಾಕಿ ಹಿಂದಕ್ಕೆ ಕೂತ ದೊಡ್ಡವರಿಗೆ ಅದು ರಕ್ಷೆ. ಅದಕ್ಕೆ ಅಂಟಿಕೊಂಡಂತೆ ಇರುವ ಮಗುವಿಗೆ ಅದೇ ಪೆಟ್ಟು. ಹಿಂದಕ್ಕೆ ಮುಖ ಮಾಡಿದ ಶಿಶುವಿನ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿಗೆ ಎಂದೂ ಕಟ್ಟಬಾರದು. ಮಕ್ಕಳ ಜಾಗ ಹಿಂದಿನ ಸೀಟು. ಮಗು ಸುಮಾರು 150 ಸೆಂ.ಮೀ. ಎತ್ತರ ಬೆಳೆಯುವವರೆಗೆ ದೊಡ್ಡವರ ಬೆಲ್ಟು ಅದರ ಕುತ್ತಿಗೆಗೂ ಹೊಟ್ಟೆಗೂ ಬರುತ್ತದೆ. ಆದ್ದರಿಂದ ಅಲ್ಲಿಯವರೆಗೆ ವಯಸ್ಸಿಗೆ ತಕ್ಕ ಮಕ್ಕಳ ಸೀಟೋ ಎತ್ತರಿಸುವ ಬೂಸ್ಟರೋ ಬೇಕು. ಬಾಣಂತಿಯನ್ನೂ ಹಸುಗೂಸನ್ನೂ ಆಸ್ಪತ್ರೆಯಿಂದ ಮನೆಗೆ ಕರೆತರುವ ಮೊದಲ ಪ್ರಯಾಣಕ್ಕೇ ಆ ಸೀಟು ಬೇಕು. ತೊಟ್ಟಿಲಿಗೆ ಖರ್ಚು ಮಾಡುವ ಮನೆಯವರು ಇದನ್ನೂ ಖರೀದಿಯ ಪಟ್ಟಿಗೆ ಸೇರಿಸಲಿ.

ಬಸುರಿಯರು ಬೆಲ್ಟು ಹಾಕಬಾರದು ಎಂಬ ಮಾತು ಮನೆಗಳಲ್ಲಿ ಕೇಳಿಬರುತ್ತದೆ. ಅದು ತಪ್ಪು. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ ಸೊಂಟದ ಮೂಳೆಗೆ ತಾಗಿರಬೇಕು, ಮೇಲಿನ ಪಟ್ಟಿ ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಇಳಿಯಬೇಕು. ಹೊಟ್ಟೆಯ ಮೇಲೆ ಯಾವುದೂ ಹಾಯಬಾರದು.

ಒಳಗಿನ ಬೇರೆ ಸೌಲಭ್ಯಗಳಲ್ಲಿ ಹೆಡ್‌ರೆಸ್ಟಿನ ಬಗ್ಗೆ ತಪ್ಪು ತಿಳಿವಳಿಕೆಯೇ ಹೆಚ್ಚು. ತಲೆ ಒರಗಿಸಿ ನಿದ್ದೆ ಮಾಡಲೆಂದು ಅದನ್ನು ಇಟ್ಟಿಲ್ಲ. ಹಿಂದಿನಿಂದ ಯಾರಾದರೂ ಗುದ್ದಿದಾಗ ಸೀಟು ನಮ್ಮ ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಇದ್ದಲ್ಲೇ ಉಳಿದು ಕುತ್ತಿಗೆ ಹಿಂದಕ್ಕೆ ಮಡಚುತ್ತದೆ. ಅದನ್ನು ತಡೆಯುವುದು ಹೆಡ್‌ರೆಸ್ಟಿನ ಕೆಲಸ. ಅದರ ಮೇಲಂಚು ನೆತ್ತಿಯ ಮಟ್ಟಕ್ಕಿರಬೇಕು. ಪೂರ್ತಿ ಕೆಳಗಿಳಿಸಿಟ್ಟರೆ ಕುತ್ತಿಗೆಗೆ ಅದೇ ಸನ್ನೆಕೋಲಿನ ಆಧಾರವಾಗುತ್ತದೆ. ಗಾಜು ಒಡೆಯಲೆಂದೇ ಅದನ್ನು ಕಳಚುವಂತೆ ಮಾಡಿದ್ದಾರೆ ಎಂದು ಮೊಬೈಲಿನಲ್ಲಿ ಓಡಾಡುವ ಸಂದೇಶ ಸುಳ್ಳು. ಮುಂದಿನ ಸೀಟನ್ನು ಹಾಸಿಗೆಯಷ್ಟು ಒರಗಿಸಿ ಮಲಗುವುದೂ ಅಪಾಯ: ಬ್ರೇಕು ಬಿದ್ದಾಗ ದೇಹ ಬೆಲ್ಟಿನ ಕೆಳಗೆ ಜಾರಿ, ಸೊಂಟಕ್ಕಿರಬೇಕಾದ ಪಟ್ಟಿ ಹೊಟ್ಟೆಗೆ ಕೊರೆಯುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಿ ಕೂರುವವರ ಕಾಲ ಕೆಳಗೇ ಏರ್‌ಬ್ಯಾಗ್ ಇದೆ ಎಂಬುದು ನೆನಪಿರಲಿ.

ಡ್ಯಾಶ್‌ಬೋರ್ಡಿನ ದೇವರ ವಿಷಯ ಹೇಳುವಾಗ ಮನಸ್ಸು ನೋಯಿಸುವ ಉದ್ದೇಶ ನನಗಿಲ್ಲ. ಹೊಸ ಕಾರಿಗೆ ಪೂಜೆ ಮಾಡಿಸಿ ಗಣಪತಿಯನ್ನೋ ಮಂಜುನಾಥನನ್ನೋ ಕೂರಿಸುವುದು ನಮ್ಮೆಲ್ಲರ ಮನೆಯ ಪದ್ಧತಿ. ಆ ಮೂರ್ತಿ ಏರ್‌ಬ್ಯಾಗ್ ಎಂದು ಅಚ್ಚೊತ್ತಿದ ಮುಚ್ಚಳದ ಮೇಲೆ ಕೂತಿದ್ದರೆ, ಅದು ತೆರೆದುಕೊಂಡ ಕ್ಷಣ ಮೂರ್ತಿ ಪಕ್ಕದಲ್ಲಿ ಕೂತವರ ಮುಖಕ್ಕೆ ಹಾರುತ್ತದೆ. ಒಂದು ಗೇಣು ಆಚೆ, ನಡುವಿನ ಭಾಗಕ್ಕೆ, ಹಗುರವಾದ ಮೂರ್ತಿಯನ್ನು ಗಟ್ಟಿಯಾಗಿ ಅಂಟಿಸಿದರೆ ತೀರಿತು. ಸೀಟಿನ ಪಕ್ಕದಿಂದ ಏರ್‌ಬ್ಯಾಗ್ ತೆರೆದುಕೊಳ್ಳುವ ಕಾರುಗಳಿಗೆ ಬಿಗಿಯಾದ ರೆಕ್ಸಿನ್ ಸೀಟ್ ಕವರ್ ಹಾಕಿಸಿದರೆ ಅದು ಹೊರಬರುವ ಹೊಲಿಗೆಯೇ ಮುಚ್ಚಿಹೋಗುತ್ತದೆ. ಕವರ್ ಬೇಕೇ ಬೇಕಾದರೆ ಅಂಥ ಸೀಟಿಗೆಂದೇ ಹೊಲಿದದ್ದನ್ನು ಕೇಳಿ ಹಾಕಿಸಬೇಕು.

ಸನ್‌ರೂಫ್ ಈಗ ಸಣ್ಣ ಕಾರುಗಳಿಗೂ ಬಂದಿದೆ. ಗಾಳಿ ಬೆಳಕಿಗೆಂದು ಕೊಟ್ಟ ಕಿಂಡಿಯಿಂದ ಮಕ್ಕಳು ಎದೆಯವರೆಗೆ ಹೊರಬಂದು ನಿಂತ ದೃಶ್ಯ ಬೆಂಗಳೂರಿನ ರಸ್ತೆಗಳಲ್ಲಿ ದಿನವೂ ಕಾಣುತ್ತದೆ. 2025ರ ಸೆಪ್ಟೆಂಬರಿನಲ್ಲಿ ಇದೇ ನಗರದಲ್ಲಿ ಹಾಗೆ ನಿಂತಿದ್ದ ಹುಡುಗನೊಬ್ಬನ ತಲೆ ರಸ್ತೆಗೆ ಅಡ್ಡವಾಗಿದ್ದ ಎತ್ತರ ತಡೆಯ ಕಂಬಿಗೆ ಬಡಿಯಿತು. ಓಡುವ ಗಾಡಿಯಲ್ಲಿ ಮಕ್ಕಳನ್ನು ಅಲ್ಲಿ ನಿಲ್ಲಿಸಲು ಯಾವ ಕಾರಣವೂ ಸಾಲದು.

ಈಗ ನಿಲ್ಲಿಸುವ ವಿಷಯಕ್ಕೆ ಬರೋಣ. ಮಡಿಕೇರಿಯ ಬೀದಿ, ಮುಳ್ಳಯ್ಯನಗಿರಿಯ ದಾರಿ, ಚಾರ್ಮಾಡಿಯ ಜಲಪಾತದ ತಿರುವು, ಎಲ್ಲಿ ನಿಲ್ಲಿಸಿದರೂ ಗಾಡಿ ಉರುಳಬಯಸುತ್ತದೆ. ಬ್ರೇಕ್ ಒತ್ತಿ ಹಿಡಿದು ಮೊದಲು ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಪೆಡಲಿನಿಂದ ಕಾಲನ್ನು ನಿಧಾನವಾಗಿ ಎತ್ತಿ, ಗಾಡಿಯ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂರುವುದನ್ನು ನೋಡಿ. ಅದು ನಿಂತಿತು ಎಂದಾದ ಮೇಲೆ ಗೇರು: ಏರಿಗೆ ಮುಖ ಮಾಡಿದ್ದರೆ ಒಂದನೆಯದು, ಇಳಿಜಾರಿಗೆ ಮುಖ ಮಾಡಿದ್ದರೆ ರಿವರ್ಸು. ಆಟೊಮ್ಯಾಟಿಕ್ ಕಾರಿನಲ್ಲೂ ಹ್ಯಾಂಡ್‌ಬ್ರೇಕ್ ಮೊದಲು, ಪಾರ್ಕ್ ಆಮೇಲೆ. ಉಲ್ಟಾ ಮಾಡಿದರೆ ಗಾಡಿಯ ಇಡೀ ಭಾರ ಗೇರ್‌ಬಾಕ್ಸಿನೊಳಗಿನ ಒಂದು ಪುಟ್ಟ ಕೊಂಡಿಯ ಮೇಲೆ ನೇತಾಡುತ್ತದೆ. ಹೊರಡುವಾಗ ಟಕ್ ಎಂದು ಕೇಳುವ ಸದ್ದು ಅದರದ್ದೇ.

ಸ್ಟೀರಿಂಗನ್ನು ನೇರವಾಗಿ ಬಿಡಬಾರದು. ನಗರದಲ್ಲಿ ಎಡಗಡೆ ಫುಟ್‌ಪಾತಿನ ಅಂಚುಗಲ್ಲು ಇದ್ದರೆ, ಇಳಿಜಾರಿಗೆ ಮುಖ ಮಾಡಿದಾಗ ಚಕ್ರ ಎಡಕ್ಕೆ, ಏರಿಗೆ ಮುಖ ಮಾಡಿದಾಗ ಬಲಕ್ಕೆ ತಿರುಗಿರಲಿ. ಉರುಳಿದರೂ ಟೈರು ಕಲ್ಲಿಗೆ ಒರಗಿ ನಿಲ್ಲುತ್ತದೆ. ಘಾಟಿಯಲ್ಲಿ ಅಂಚುಗಲ್ಲಿಲ್ಲ. ಅಲ್ಲಿ ಕಣಿವೆಯ ಬದಿ ಬಿಟ್ಟು ಗುಡ್ಡದ ಬದಿಯಲ್ಲಿ, ತಿರುವಿನಿಂದ ದೂರ, ನಿಲ್ಲಲು ಅನುಮತಿ ಇರುವಲ್ಲಿ ನಿಲ್ಲಿಸಿ, ಚಕ್ರವನ್ನು ಗುಡ್ಡದ ಕಡೆಗೇ ತಿರುಗಿಸಬೇಕು. ಭಾರ ತುಂಬಿದ ಗಾಡಿಯಾದರೆ ಚಕ್ರಕ್ಕೆ ಕಲ್ಲು ಕೊಡುವ ಹಳೆಯ ಪದ್ಧತಿ ಇಂದಿಗೂ ಒಳ್ಳೆಯದು. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಎತ್ತಿ ಬದಿಗೆ ಹಾಕಲೇಬೇಕು. ಘಾಟಿಯ ತಿರುವಿನಲ್ಲಿ ಯಾರೋ ಬಿಟ್ಟುಹೋದ ಕಲ್ಲು ರಾತ್ರಿ ಮಂಜಿನಲ್ಲಿ ಬೈಕಿನವನಿಗೆ ಕಾಣುವುದಿಲ್ಲ.

ಜಾಗ ಆರಿಸುವಾಗ ತಲೆಯ ಮೇಲೂ ನೋಡಬೇಕು, ಗಾಡಿಯ ಕೆಳಗೂ ನೋಡಬೇಕು. ತೆಂಗಿನ ಮರದ ಕೆಳಗೆ ಗಾಡಿ ನಿಲ್ಲಿಸಬಾರದೆಂದು ಊರಿನ ಯಾರಾದರೂ ಹೇಳುತ್ತಾರೆ. ಬೆಂಗಳೂರಿನಲ್ಲಿ ಮುಂಗಾರು ಪೂರ್ವ ಮಳೆಗೆ ಉರುಳುವ ಹಳೆಯ ಮರಗಳದ್ದೂ ಅದೇ ಕಥೆ. ಕೆಳಗಿನ ಅಪಾಯ ಬೆಂಕಿಯದು. ಸೈಲೆನ್ಸರ್ ಕೊಳವೆಯ ಸಾಲಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ, ಗಾಡಿ ಓಡುವಾಗ ಅದು ನೂರಾರು ಡಿಗ್ರಿ ಬಿಸಿಯಾಗುತ್ತದೆ. ಫೆಬ್ರವರಿ ಮಾರ್ಚಿನಲ್ಲಿ ಒಣಗಿ ನಿಂತ ಬಾಬಾಬುಡನ್‌ಗಿರಿಯ ಹುಲ್ಲಿನ ಮೇಲೆ ಅಂಥ ಗಾಡಿಯನ್ನು ತಂದು ನಿಲ್ಲಿಸಿದರೆ ಕಾರಿನ ಜೊತೆ ಗುಡ್ಡವೂ ಹೊತ್ತಿಕೊಳ್ಳಬಹುದು. ಬಯಲುಸೀಮೆಯಲ್ಲಿ ಇದೇ ಅಪಾಯ ಇನ್ನೊಂದು ರೂಪದಲ್ಲಿ ಬರುತ್ತದೆ. ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿದ ಹುರುಳಿಯ ಬಳ್ಳಿ ಗಾಡಿಯ ಅಡಿಯಲ್ಲಿ ತಿರುಗುವ ಭಾಗಗಳಿಗೆ ಸುತ್ತಿಕೊಂಡು ಕೊಳವೆಯ ಬಿಸಿಗೆ ಹತ್ತಿಕೊಳ್ಳುತ್ತದೆ. ಹೀಗೆ ಕಾರು ಸುಟ್ಟುಹೋದ ಸುದ್ದಿ ಹಳೆ ಮೈಸೂರು ಭಾಗದಿಂದ ಸುಗ್ಗಿಯಲ್ಲಿ ಬರುತ್ತಿರುತ್ತದೆ. ಅದರ ಮೇಲೆ ಹಾಯಿಸಲೇಬೇಕಾಗಿ ಬಂದರೆ, ದಾಟಿದ ಕೂಡಲೇ ನಿಲ್ಲಿಸಿ ಬಗ್ಗಿ ನೋಡಿ, ಸಿಕ್ಕಿದ್ದನ್ನು ಕಡ್ಡಿಯಿಂದ ಎಳೆದು ತೆಗೆಯಬೇಕು. ಹೊಟ್ಟು ಸುತ್ತಿದ ಗಾಡಿಯನ್ನು ಹಾಗೇ ಮನೆಯ ಕೊಟ್ಟಿಗೆಯ ಪಕ್ಕ ತಂದು ನಿಲ್ಲಿಸುವುದು ಇನ್ನೂ ಅಪಾಯ.

ಕರಾವಳಿಯ ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲುವ ಗಾಡಿಗೆ ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬೇಡ. ತುಕ್ಕು ಹಿಡಿದು ಅಲ್ಲೇ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಟ್ಟರೆ ಸಾಕು.

ನಿಲ್ಲಿಸಿದ ಮೇಲೆ ಬಾಗಿಲು ತೆರೆಯುವ ಕೈ ಯಾವುದು ಎಂಬುದೂ ಮುಖ್ಯ. ಚಾಲಕ ಬಲಗಡೆಯ ಬಾಗಿಲನ್ನು ಎಡಗೈಯಿಂದ ತೆರೆಯಲಿ. ಹಾಗೆ ಮಾಡಲು ಭುಜ ತಿರುಗಲೇಬೇಕು, ಭುಜದ ಜೊತೆ ಕಣ್ಣೂ ಹಿಂದಕ್ಕೆ ತಿರುಗುತ್ತದೆ, ಬರುತ್ತಿರುವ ಸ್ಕೂಟರು ಕಾಣುತ್ತದೆ. ಎಡಗಡೆ ಇಳಿಯುವವರು ಬಲಗೈ ಬಳಸಲಿ. ನೆದರ್ಲೆಂಡ್ಸಿನಲ್ಲಿ ಸೈಕಲ್ ಸವಾರರ ಜೀವ ಉಳಿಸಲು ರೂಢಿಗೆ ಬಂದ ಈ ಅಭ್ಯಾಸ ನಮ್ಮ ದ್ವಿಚಕ್ರಗಳ ನಗರಗಳಿಗೆ ಹೇಳಿ ಮಾಡಿಸಿದ್ದು.

ಇನ್ನು ಉಳಿದದ್ದು, ನಿಂತ ಕಾರಿನೊಳಗಿನ ಬಿಸಿ ಮತ್ತು ಗಾಳಿ. ಅಮೆರಿಕದ ಸ್ಟ್ಯಾನ್‌ಫರ್ಡಿನ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು. ಅದರಲ್ಲಿ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಏರಿದ್ದು. ಕಿಟಕಿಯನ್ನು ಒಂದೆರಡು ಬೆರಳು ಇಳಿಸಿದ್ದರಿಂದ ಹೆಚ್ಚಿನ ಉಪಯೋಗ ಆಗಲಿಲ್ಲ. ಹೊರಗೆ ಹಿತವಾದ 28 ಡಿಗ್ರಿ ಇದ್ದರೂ ಒಳಗೆ 50 ಆಗಬಹುದು ಎಂದರ್ಥ. ಸೆಂಟಿನ ಸ್ಪ್ರೇ ಡಬ್ಬಿಗಳ ಮೇಲೆ 50 ಡಿಗ್ರಿ ಮೀರಿದ ಕಡೆ ಇಡಬೇಡಿ ಎಂದು ಬರೆದಿರುತ್ತದೆ. ಲೈಟರ್, ಪವರ್ ಬ್ಯಾಂಕ್‌ಗಳನ್ನೂ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಹೋಗಬಾರದು. ಮಗುವಿನ ಮೈ ದೊಡ್ಡವರ ಮೈಗಿಂತ ಹಲವು ಪಟ್ಟು ಬೇಗ ಕಾಯುತ್ತದೆ. "ಎರಡೇ ನಿಮಿಷ, ಹಾಲು ತಂದುಬಿಡ್ತೀನಿ" ಎಂದು ಮಲಗಿದ ಮಗುವನ್ನು ಕಾರಿನಲ್ಲಿ ಬಿಟ್ಟು ಹೋಗುವುದು ಎಂದೂ ಕೂಡದು.

ಏಸಿ ಹಾಕಿಕೊಂಡು ನಿಂತ ಕಾರಿನಲ್ಲಿ ಗಾಜು ಏರಿಸಿ ಮಲಗುವುದು ಇನ್ನೊಂದು ಅಪಾಯ. ಇಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ, ಬೇಸ್‌ಮೆಂಟಿನಲ್ಲಿ, ಸೈಲೆನ್ಸರ್ ಸೋರುವ ಗಾಡಿಯಲ್ಲಿ ನಿದ್ದೆ ಹೋದವರಿಗೆ ಉಸಿರು ಕಟ್ಟುತ್ತಿದೆ ಎಂದೇ ತಿಳಿಯುವುದಿಲ್ಲ. ನಿದ್ದೆ ಬಂದರೆ ನೆರಳಿನಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಗಾಜು ಇಳಿಸಿ ಮಲಗಬೇಕು. ಓಡುವಾಗಲೂ ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಆಗಾಗ ತೆಗೆದು ಹೊರಗಾಳಿ ಬಿಟ್ಟುಕೊಳ್ಳಬೇಕು. ಮಳೆಯಲ್ಲಿ ಮುಂದಿನ ಗಾಜು ಒಳಗಿನಿಂದ ಮಬ್ಬಾದಾಗ ಮಾಡಬೇಕಾದದ್ದೂ ಅದೇ: ಹೊರಗಾಳಿ, ಜೊತೆಗೆ ಏಸಿ, ಗಾಳಿಯ ದಿಕ್ಕು ಗಾಜಿನ ಮೇಲಕ್ಕೆ.

2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಜಿಲ್ಲೆಯಲ್ಲಿ, ನಿಂತಿದ್ದ ಕಾರಿನೊಳಗೆ ಆಡಲು ಹೋದ ನಾಲ್ವರು ಮಕ್ಕಳು ಹೊರಬರಲಾಗದೆ ತೀರಿಕೊಂಡರು. ಇಂಥ ಸುದ್ದಿ ಬೇಸಿಗೆಯಲ್ಲಿ ಎಲ್ಲಿಂದಾದರೂ ಬರುತ್ತದೆ. ನಮ್ಮದೇ ಅಂಗಳದಲ್ಲಿ ನಿಂತ ಕಾರಿಗೂ ಬೀಗ ಹಾಕಬೇಕು, ಕೀಲಿ ಮಕ್ಕಳ ಕೈಗೆ ಎಟಕಬಾರದು. ಹಿಂದಿನ ಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ಹಾಕಿದ್ದರೆ ಆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಮುಂದಿನ ಬಾಗಿಲಿಗೆ ಆ ಲಾಕ್ ಇಲ್ಲ. ಮಕ್ಕಳಿಗೆ ಸೀಟು ಹತ್ತಿ ಮುಂದೆ ಬರುವುದನ್ನು, ಮುಂದಿನ ಬಾಗಿಲಿನ ಹಿಡಿ ಎಳೆಯುವುದನ್ನು, ಆಗದಿದ್ದರೆ ಬಿಡದೆ ಹಾರನ್ ಒತ್ತುವುದನ್ನು ಆಟದಂತೆ ಕಲಿಸಿಡಿ. ಕೀಲಿ ಇಲ್ಲದೆಯೂ ನಿಮ್ಮ ಕಾರಿನ ಹಾರನ್ ಕೂಗುತ್ತದೆಯೇ ಎಂದು ಇವತ್ತೇ ಒತ್ತಿ ನೋಡಿ. ಬಹಳಷ್ಟು ಕಾರುಗಳಲ್ಲಿ ಕೂಗುತ್ತದೆ.

ದೊಡ್ಡವರಿಗೂ ಈ ಪಾಠ ಬೇಕು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರಿಗೆ ಸಿಕ್ಕ ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ನೀರು ತುಂಬುವ ಕೆಳಸೇತುವೆಗೆ ಇಳಿಯದಿರುವುದೇ ಮೊದಲ ಎಚ್ಚರಿಕೆ. ಸಿಕ್ಕಿಕೊಂಡರೆ ಬೆಲ್ಟು ಬಿಚ್ಚಿ, ನೀರು ಏರುವ ಮೊದಲೇ, ವಿದ್ಯುತ್ ಇರುವಾಗಲೇ ಗಾಜು ಇಳಿಸಿ ಹೊರಬರಬೇಕು. ನೀರು ಏರಿದ ಮೇಲೆ ಅದರ ಒತ್ತಡಕ್ಕೆ ಬಾಗಿಲು ತೆರೆಯುವುದು ಬಹಳ ಕಷ್ಟ. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ವಿದ್ಯುತ್ ಕೈಕೊಟ್ಟರೂ ಸೆಂಟ್ರಲ್ ಲಾಕನ್ನು ಕೈಯಿಂದ ಬಿಡಿಸುವ ವ್ಯವಸ್ಥೆ ಕಡ್ಡಾಯ. ಅದು ಎಲ್ಲಿದೆ ಎಂದು ಎಂದಾದರೂ ಕತ್ತಲಲ್ಲಿ ಕೈಯಾಡಿಸಿ ನೋಡಿಕೊಳ್ಳಿ. ಮುಂದಿನ ಗಾಜು ಪದರ ಪದರವಾಗಿ ಅಂಟಿಸಿದ್ದು, ಒಡೆದರೂ ದಾರಿ ಬಿಡುವುದಿಲ್ಲ. ಒಡೆಯಬೇಕಾಗಿ ಬಂದರೆ ಪಕ್ಕದ ಕಿಟಕಿಯ ಗಾಜನ್ನು, ನಡುವಿಗೆ ಹೊಡೆಯದೆ ಮೂಲೆಗೆ ಹೊಡೆದು ಒಡೆಯಬೇಕು. ಅದಕ್ಕೆಂದೇ ಸಿಗುವ ಮೊನಚು ತಲೆಯ ಪುಟ್ಟ ಸುತ್ತಿಗೆಯನ್ನು ಡಿಕ್ಕಿಯಲ್ಲಿ ಇಡಬೇಡಿ, ಚಾಲಕನ ಕೈಗೆ ಎಟಕುವಲ್ಲಿ ಇಡಿ.